ಇಪ್ಪತ್ನಾಲ್ಕು ಕುರ್ಚಿ, ಒಂದು ಲಾರಿ ಗಾಳಿ

2023ರ ಜೂನ್ ಕೊನೆಯ ವಾರ. ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿರುವ, ನನ್ನ ಭಾವ ಹೆಗಡೆಯವರ ಫರ್ನಿಚರ್ ಅಂಗಡಿ ಎದುರು ಲಾರಿ ಬಂದು ನಿಂತಿತು. ಮಳೆ ಹನಿಯುತ್ತಿತ್ತು. ತಾಡಪತ್ರಿ ಸರಿಸಿದರೆ ಒಳಗೆ ಸೂರಿನವರೆಗೂ ರಟ್ಟಿನ ಪೆಟ್ಟಿಗೆ. ಹಮಾಲಿ ಹುಡುಗ ಒಂದನ್ನು ತಬ್ಬಿ ಹಿಡಿದು ಜೋರಾಗಿ ಎತ್ತಿದ. ಭಾರ ಇರುತ್ತದೆ ಅಂದುಕೊಂಡಿದ್ದನೋ ಏನೋ, ಹಿಂದಕ್ಕೆ ಜೋಲಿ ಹೊಡೆದು ಬೀಳುವುದರಲ್ಲಿದ್ದ.

"ಇದರಲ್ಲಿ ಎಂತದು ಹೆಗಡೇರೇ, ಹತ್ತಿಯಾ?"

ಭಾವ ನಗಲಿಲ್ಲ. ಆ ಹೊತ್ತಿಗೆ ಅವರ ಕೈಯಲ್ಲಿ ಮುಂಬೈಯ ಬಿಲ್ಲುಗಳಿದ್ದವು.

ನಾನು ಕುಮಟಾದಲ್ಲಿ ಜಿಎಸ್‌ಟಿ ಮತ್ತು ಲೆಕ್ಕಪತ್ರದ ಕೆಲಸ ಮಾಡುವವನು. ಭಾವನ ಅಂಗಡಿಯ ಲೆಕ್ಕವೂ ನನ್ನದೇ. ಹಾಗಾಗಿ ಈ ವ್ಯವಹಾರದ ಪ್ರತಿ ಕಾಗದವೂ ನನ್ನ ಹತ್ತಿರ ಇದೆ. ವಿದೇಶದಿಂದ ಮರದ ಸಾಮಾನು ತರಿಸಬೇಕು ಅಂತ ಈಚೆಗೆ ಇನ್ನೂ ಇಬ್ಬರು ಕೇಳಿಕೊಂಡು ಬಂದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನು ಭಾವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ 2023ರ ದರದ್ದು. ಸುಂಕ ಬಜೆಟ್ಟಿಗೊಮ್ಮೆ ಬದಲಾಗುತ್ತದೆ, ಅದನ್ನು ಆಗಾಗ ನೋಡಿಕೊಳ್ಳಬೇಕು.

ಶುರುವಾದದ್ದು ಗೋಕರ್ಣದಿಂದ. ಅಲ್ಲಿನ ಹೋಮ್‌ಸ್ಟೇ ಒಂದರ ಮಾಲೀಕರು ಬಂದು, ಬಾಲಿಯಲ್ಲಿ ನೋಡಿದ ಥರದ ಬೆತ್ತದ ಕುರ್ಚಿ ಬೇಕು ಅಂದರು. ತೇಗದ ಚೌಕಟ್ಟು, ಕೂರುವಲ್ಲಿ ಮತ್ತು ಬೆನ್ನಿಗೆ ಬೆತ್ತದ ಹೆಣಿಗೆ. ನಮ್ಮ ಕಡೆ ಹಾಗೆ ಹೆಣೆಯುವವರು ಈಗ ಕೈಬೆರಳೆಣಿಕೆ. ಒಳ್ಳೆ ಬೆತ್ತವೂ ಸಿಗುವುದಿಲ್ಲ. ಇಂಡೋನೇಷ್ಯಾದಿಂದ ಹಸಿ ಬೆತ್ತ ತರಿಸಿ ಇಲ್ಲೇ ಹೆಣೆಸೋಣ ಅಂದರೆ ಅದೂ ಆಗದು, 2012ರಿಂದ ಅವರು ಕಚ್ಚಾ ಬೆತ್ತದ ರಫ್ತು ನಿಲ್ಲಿಸಿದ್ದಾರೆ. ಬಂದರೆ ಸಿದ್ಧ ಸಾಮಾನಾಗಿಯೇ ಬರಬೇಕು.

ಭಾವ ಫೆಬ್ರವರಿಯಲ್ಲಿ ಜೆಪಾರಾಕ್ಕೆ ಹೋಗಿ ಬಂದರು. ಜಾವಾ ದ್ವೀಪದ ಉತ್ತರ ಕರಾವಳಿಯ ಊರು, ಸೆಮರಾಂಗ್ ಬಂದರಿನಿಂದ ರಸ್ತೆಯಲ್ಲಿ ಸುಮಾರು ಎರಡು ತಾಸು. ಊರಿಗೆ ಊರೇ ಮರಗೆಲಸ. ಇಂಡೋನೇಷ್ಯಾದವರು ದೊಡ್ಡ ಗೌರವದಿಂದ ನೆನೆಯುವ ಕಾರ್ತಿನಿ ಹುಟ್ಟಿದ್ದು ಅಲ್ಲೇ, 1879ರಲ್ಲಿ. ಊರಿನ ಕೆತ್ತನೆಗಾರರ ಕೆಲಸಕ್ಕೆ ಹೊರಗೆ ಗಿರಾಕಿ ಸಿಗುವಂತೆ ಓಡಾಡಿದ ಹೆಣ್ಣುಮಗಳು ಆಕೆ. ಭಾವ ಅಲ್ಲಿಂದ ಫೋನ್ ಮಾಡಿ, "ನಮ್ಮ ಗುಡಿಗಾರರ ಕೇರಿಯನ್ನೇ ಹತ್ತು ಪಟ್ಟು ಹಿಗ್ಗಿಸಿದ ಹಾಗೆ ಇದೆ ಮಾರಾಯ" ಅಂದರು. ಧ್ವನಿಯಲ್ಲೇ ಗೊತ್ತಾಯಿತು, ಮುಂಗಡ ಕೊಟ್ಟಾಗಿದೆ.

ಆರ್ಡರ್ ಹೀಗಿತ್ತು: ಕೈ ಇರುವ ಕುರ್ಚಿ 24, ಒಂದಕ್ಕೆ 100 ಡಾಲರ್. ಬಿಚ್ಚಿ ಜೋಡಿಸುವ ಮೇಜು 6, ಒಂದಕ್ಕೆ 170. ತೇಗದ ಬೇರಿನ ಬುಡದಿಂದ ಮಾಡಿದ ಉದ್ದನೆಯ ಕಟ್ಟೆಮೇಜು 2, ಒಂದಕ್ಕೆ 520. ಜೊತೆಗೆ ಗೋಡೆಗೆ ಹಾಕುವ ಕೆತ್ತನೆಯ ಹಲಗೆ ನಾಲ್ಕು. ಮೂವತ್ತು ಶೇಕಡಾ ಮುಂಗಡ, ಉಳಿದದ್ದು ಹಡಗಿಗೆ ಹಾಕಿದ ಕಾಗದ ಬಂದ ಮೇಲೆ.

ಆ ಹಲಗೆಗಳ ಕತೆ ಮೊದಲು ಹೇಳಿಬಿಡುತ್ತೇನೆ. ಇಡೀ ವ್ಯವಹಾರದಲ್ಲಿ ನಾವು ಸರಿಯಾದ ಹೊತ್ತಿಗೆ ಎಚ್ಚರವಾದದ್ದು ಅದೊಂದರಲ್ಲೇ. ಅದೂ ನಮ್ಮ ಬುದ್ಧಿಯಿಂದಲ್ಲ.

ಭಾವ ಬರುವಾಗ ಅಕ್ಕನಿಗೆ ಒಂದು ಮರದ ಬಟ್ಟಲು ತಂದಿದ್ದರು. ಕಪ್ಪು ಗೆರೆ, ಒಳ್ಳೆ ಹೊಳಪು. ಹಲಗೆಗಳೂ ಇದೇ ಮರದವು ಅಂತ ಅಂಗಡಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು. ನಮ್ಮ ಆಚಾರಿಯವರು ಅದನ್ನು ತಿರುಗಿಸಿ ನೋಡಿದರು. ಕಿಸೆಯಿಂದ ಚಿಕ್ಕ ಚೂರಿ ತೆಗೆದು ಬಟ್ಟಲಿನ ತಳವನ್ನು ಉಗುರಿನಷ್ಟು ಕೆರೆದರು. ಪುಡಿಯನ್ನು ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು.

"ಹೆಗಡೇರೇ, ಇದು ಬೀಟೆ."

"ಅಲ್ಲ ಆಚಾರ್ರೇ, ಅಲ್ಲಿಯ ಮರ. ಸೊನೊಕೆಲಿಂಗ್ ಅಂತ ಹೆಸರು."

"ಹೆಸರು ಏನಾದರೂ ಇರಲಿ. ವಾಸನೆ ಬೀಟೆಯದು."

ನಾನು ಸುಮ್ನೆ ಹುಡುಕಿ ನೋಡಿದೆ. ಆಚಾರಿಯವರು ಹೇಳಿದ್ದೇ ಸರಿ. ಜಾವಾದವರು ಸೊನೊಕೆಲಿಂಗ್ ಅನ್ನುವುದು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ನಮ್ಮ ಕಾಡಿನ ಬೀಟೆಯೂ ಅದೇ. ಉತ್ತರ ಕನ್ನಡಕ್ಕೆ ಬೀಟೆ ತರಿಸುವುದು ಅಂದರೆ ಕುಮಟಾಕ್ಕೆ ಈರುಳ್ಳಿ ಹೊತ್ತುಕೊಂಡು ಬಂದ ಹಾಗೆ, ಅಲ್ವಾ!

ನಗು ಅಲ್ಲಿಗೇ ನಿಂತಿತು. 2017ರ ಜನವರಿ 2ರಿಂದ ಬೀಟೆ ಸೇರಿ ಡಾಲ್ಬರ್ಜಿಯಾ ಕುಲದ ಹೆಚ್ಚುಕಡಿಮೆ ಎಲ್ಲ ಮರಗಳೂ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಪಟ್ಟಿಯಲ್ಲಿವೆ. ಗಡಿ ದಾಟಬೇಕಾದರೆ ಕಳಿಸುವ ದೇಶದ ಪರವಾನಗಿ ಬೇಕು. ಸಿದ್ಧ ವಸ್ತುವಿನಲ್ಲಿ ಈ ಮರ 10 ಕಿಲೋ ಒಳಗಿದ್ದರೆ ವಿನಾಯಿತಿ ಇದೆ, ಹಾಗಾಗಿ ಅಕ್ಕನ ಬಟ್ಟಲಿಗೆ ತೊಂದರೆ ಇರಲಿಲ್ಲ. ನಾಲ್ಕು ಹಲಗೆ ಸೇರಿದರೆ 60 ಕಿಲೋ ಹತ್ತಿರ. ಮಾರುವವನನ್ನು ಕೇಳಿದರೆ, "ವಿ-ಲೀಗಲ್ ಕಾಗದ ಇದೆ, ಸಾಕು" ಅಂತ ಉತ್ತರ ಬಂತು. ಅದು ಮರ ಕಾನೂನು ಪ್ರಕಾರ ಕಡಿದದ್ದು ಅನ್ನುವುದಕ್ಕೆ ಇಂಡೋನೇಷ್ಯಾ ಕೊಡುವ ಕಾಗದ. ಸೈಟಿಸ್ ಪರವಾನಗಿಯೇ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂತೇನಿಲ್ಲ. ಹಲಗೆಗಳನ್ನು ಆರ್ಡರಿನಿಂದ ತೆಗೆಸಿದೆವು. ಅವು ಹಾಗೇ ಬಂದಿದ್ದರೆ ಜಪ್ತಿ ಆಗುತ್ತಿದ್ದವು. ಜೊತೆಗಿದ್ದ ಕುರ್ಚಿಗಳೂ ಗೋದಾಮಿನಲ್ಲಿ ಕೊಳೆಯುತ್ತಿದ್ದವು.

ಇನ್ನು ಬಂದರು. "ಕಾರವಾರದಲ್ಲೇ ಬಂದರು ಇದೆಯಲ್ಲ, ಅಲ್ಲಿಗೇ ತರಿಸೋಣ" ಅಂದರು ಭಾವ. ಇದನ್ನು ಕೇಳದವರೇ ಇಲ್ಲ. ಕಾರವಾರಕ್ಕೆ ಬರುವುದು ಡಾಂಬರಿನ ಟ್ಯಾಂಕರ್ ಹಡಗು, ಎಣ್ಣೆ, ರಾಶಿ ಸರಕು. ನಮ್ಮ ಕುರ್ಚಿಯಂಥ ಬಿಡಿ ಸರಕು ಬರುವುದು ಹತ್ತು ಜನರ ಸಾಮಾನು ಒಂದೇ ಕಂಟೇನರಿನಲ್ಲಿ ತುಂಬಿ. ಅಂಥದ್ದು ಸುಲಭವಾಗಿ ಸಿಗುವುದು ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ. ಅಲ್ಲಿಂದ ಹುಬ್ಬಳ್ಳಿ ಮೇಲೆ ಶಿರಸಿಗೆ ಲಾರಿ. ಆಮದು ನೋಂದಣಿ ಸಂಖ್ಯೆ, ಅಂದರೆ ಐಇಸಿ, ಆನ್‌ಲೈನಿನಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿದೆವು. ಅದರಲ್ಲಿ ಕಷ್ಟ ಏನೂ ಇಲ್ಲ. ಎಲ್ಲರೂ ಹೆದರುವುದು ಅದಕ್ಕೇ, ಸಿಕ್ಕಿಬೀಳುವುದು ಬೇರೆ ಕಡೆ.

ಭಾವ ಸಿಕ್ಕಿಬಿದ್ದದ್ದು ಅಳತೆಯ ಟೇಪಿನಲ್ಲಿ.

ಬಿಡಿ ಸರಕಿನ ಹಡಗು ಬಾಡಿಗೆ ತೂಕದ ಮೇಲೂ ಆಗಬಹುದು, ಗಾತ್ರದ ಮೇಲೂ ಆಗಬಹುದು. ಒಂದು ಘನ ಮೀಟರಿಗೆ ಒಂದು ಟನ್ ಲೆಕ್ಕ ಹಾಕಿ ಯಾವುದು ಜಾಸ್ತಿಯೋ ಅದನ್ನು ಹಿಡಿಯುತ್ತಾರೆ. ಕುರ್ಚಿಯ ವಿಷಯದಲ್ಲಿ ಯಾವಾಗಲೂ ಗಾತ್ರವೇ ಗೆಲ್ಲುತ್ತದೆ. ಭಾವ ತಮ್ಮ ಡೈರಿಯಲ್ಲಿ ಒಟ್ಟು 9 ಘನ ಮೀಟರ್ ಅಂತ ಬರೆದಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ ಅಂತ ಅವರ ಎಣಿಕೆ. ಪ್ಲಾಸ್ಟಿಕ್ ಕುರ್ಚಿ ಮಾರಿ ಅಭ್ಯಾಸ ಆದವರಿಗೆ ಹಾಗೇ ಅನಿಸುತ್ತದೆ. ಆದರೆ ಈ ಕುರ್ಚಿಗೆ ಅಗಲವಾದ ಕೈಗಳಿದ್ದವು. ಒಂದರೊಳಗೆ ಇನ್ನೊಂದು ಹೋಗುವ ಮಾತೇ ಇಲ್ಲ.

ಆ ಲಾರಿಯ ದಿನ ಸಂಜೆ ಒಂದು ಪೆಟ್ಟಿಗೆಗೆ ನಾನೇ ಟೇಪ್ ಹಿಡಿದೆ. ಉದ್ದ 68 ಸೆಂ.ಮೀ., ಅಗಲ 72, ಎತ್ತರ 92. ಗುಣಿಸಿದರೆ 0.45 ಘನ ಮೀಟರ್. ಅಂಥವು 24, ಅಂದರೆ 10.8. ಮೇಜುಗಳದ್ದು 1.5, ಬೇರಿನ ಕಟ್ಟೆಮೇಜುಗಳ ಮರದ ಪೆಟ್ಟಿಗೆ 2.3. ಒಟ್ಟು 14.6. ಕುರ್ಚಿ ಪೆಟ್ಟಿಗೆಯನ್ನು ಅಂಗಡಿಯ ತಕ್ಕಡಿಗೆ ಇಟ್ಟರೆ 8 ಕಿಲೋ. ಇಪ್ಪತ್ನಾಲ್ಕೂ ಸೇರಿ 200 ಕಿಲೋ ಕೂಡ ಇಲ್ಲ. ಹಮಾಲಿ ಹುಡುಗ ಹೇಳಿದ್ದು ತಮಾಷೆ ಆಗಿರಲಿಲ್ಲ. ಹತ್ತಿಯಾದರೂ ಇದಕ್ಕಿಂತ ಭಾರ ತೂಗುತ್ತಿತ್ತೇನೋ.

ಆದರೆ ಇದರ ಬಿಸಿ ತಟ್ಟಿದ್ದು ಹಡಗಿನ ಬಾಡಿಗೆಯಲ್ಲಿ ಅಲ್ಲ. ಮಾರುವವನು ಕೊಟ್ಟಿದ್ದ ದರ ಸಿಐಎಫ್, ಅಂದರೆ ಮುಂಬೈ ಬಂದರಿನವರೆಗಿನ ಬಾಡಿಗೆ ಮತ್ತು ವಿಮೆ ಸೇರಿಸಿ. ಅದಕ್ಕೆ ಆತ ಹಾಕಿದ್ದು ಬರೀ 140 ಡಾಲರ್. ಸಾಮಾನು 4,460, ಒಟ್ಟು 4,600. ಅಳತೆ 9ರಿಂದ 14.6ಕ್ಕೆ ಏರಿದಾಗಲೂ ಒಂದು ಡಾಲರ್ ಜಾಸ್ತಿ ಕೇಳಲಿಲ್ಲ. ಭಾವನಿಗೆ ಖುಷಿಯೋ ಖುಷಿ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಇದು ಈ ವ್ಯಾಪಾರದ ಹಳೆಯ ಆಟ. ಅಲ್ಲಿಯ ಸರಕು ಏಜೆಂಟನನ್ನು ಆರಿಸಿಕೊಳ್ಳುವವನು ಮಾರುವವನು. ಆ ಏಜೆಂಟ್ ಅಲ್ಲಿ ಬಾಡಿಗೆಯನ್ನು ಹೆಚ್ಚುಕಡಿಮೆ ಪುಕ್ಕಟೆ ಮಾಡುತ್ತಾನೆ. ಇಲ್ಲಿ ಅವನ ಜೊತೆಗಾರ ಡೆಲಿವರಿ ಆರ್ಡರ್, ಅಂದರೆ ಸರಕು ಬಿಡಿಸಿಕೊಳ್ಳುವ ಚೀಟಿ, ಕೊಡುವಾಗ ಒಂದೊಂದು ಘನ ಮೀಟರಿಗೂ ಇಷ್ಟು ಅಂತ ವಸೂಲಿ ಮಾಡುತ್ತಾನೆ. ಸರಕು ಅವನ ಕೈಯಲ್ಲಿದೆ, ಕೊಡದೆ ಬಿಡಿಸಿಕೊಳ್ಳುವಂತಿಲ್ಲ. ನಮ್ಮ ಬಿಲ್ಲಿನಲ್ಲಿ ಏಳೆಂಟು ಹೆಸರಿನ ಶುಲ್ಕಗಳಿದ್ದವು. ಕೂಡಿಸಿದರೆ ಘನ ಮೀಟರಿಗೆ 4,000 ರೂಪಾಯಿ. 14.6ಕ್ಕೆ 58,400. ಜೆಪಾರಾದಿಂದ ಮುಂಬೈವರೆಗೆ ಸಮುದ್ರ ದಾಟಿದ್ದಕ್ಕೆ ಹನ್ನೊಂದೂವರೆ ಸಾವಿರ, ಮುಂಬೈಯಲ್ಲಿ ಒಂದು ಚೀಟಿ ಬರೆದು ಕೊಟ್ಟಿದ್ದಕ್ಕೆ ಐವತ್ತೆಂಟು!

ಸುಂಕದ ಲೆಕ್ಕ ಬಚ್ಚಿಟ್ಟದ್ದೇನಲ್ಲ. ಡಾಲರಿಗೆ 83ರಂತೆ ಮೌಲ್ಯ 3,81,800. ಮೂಲ ಸುಂಕ ಶೇ. 25, ಅಂದರೆ 95,450. ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 9,545. ಇವೆಲ್ಲ ಕೂಡಿಸಿದ ಮೊತ್ತಕ್ಕೆ ಶೇ. 18 ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ, 87,623. ಒಟ್ಟು 1,92,618. ಸಾಮಾನಿನ ಬೆಲೆಯ ಅರ್ಧಕ್ಕಿಂತ ಒಂದು ಕೂದಲೆಳೆ ಜಾಸ್ತಿ. ಭಾವನ ಡೈರಿಯಲ್ಲಿ ಇದಕ್ಕೆ "ಟ್ಯಾಕ್ಸ್, ಅಂದಾಜು 70 ಸಾವಿರ" ಅಂತ ಇತ್ತು. ಜಿಎಸ್‌ಟಿ ಹದಿನೆಂಟು ಅಂತ ಗೊತ್ತಿತ್ತು, ಕಸ್ಟಮ್ಸ್ ಸುಂಕ ಬೇರೆ ಇದೆ ಅಂತ ಹೊಳೆದೇ ಇರಲಿಲ್ಲ.

ಇಂಡೋನೇಷ್ಯಾ ಆಸಿಯಾನ್ ದೇಶ, ಅಂದರೆ ಆಗ್ನೇಯ ಏಷ್ಯಾದ ದೇಶಗಳ ಕೂಟಕ್ಕೆ ಸೇರಿದ್ದು. ಭಾರತಕ್ಕೂ ಆಸಿಯಾನಿಗೂ 2010ರಿಂದ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಸಾಮಾನು ಅಲ್ಲಿಯದೇ ಅನ್ನುವ ಮೂಲ ಪ್ರಮಾಣಪತ್ರ, ಫಾರ್ಮ್ ಎಐ ಅನ್ನುತ್ತಾರೆ, ಇದ್ದರೆ ಮೂಲ ಸುಂಕದಲ್ಲಿ ರಿಯಾಯಿತಿ ಕೇಳಬಹುದು. ಇದು ನನಗೆ ನೆನಪಾದದ್ದು ಹಡಗು ಹೊರಟ ಮೇಲೆ. ನಮ್ಮ ಮಾರಾಟಗಾರ ತಯಾರಕನಲ್ಲ, ಮೂರು ಕಾರ್ಖಾನೆಯಿಂದ ಕೊಂಡು ಕಳಿಸಿದವನು. ತಡವಾಗಿಯೂ ಆ ಪತ್ರ ಮಾಡಿಸಬಹುದು, ನಿಯಮ ಇದೆ. ಆದರೆ ಆತ "ಮೂರು ವಾರ ಬೇಕು" ಅಂದ. ಅದೂ ಅಲ್ಲದೆ 2020ರ ಸೆಪ್ಟೆಂಬರಿನಿಂದ ಬರೀ ಪತ್ರ ಸಾಲದು. ಸಾಮಾನು ಎಲ್ಲಿ, ಹೇಗೆ ತಯಾರಾಯಿತು ಅನ್ನುವ ವಿವರ ತರಿಸಿಕೊಂಡವರ ಹತ್ತಿರವೂ ಇರಬೇಕು, ಐದು ವರ್ಷ ಕಾಪಾಡಬೇಕು. ಅತ್ತ ಗೋದಾಮಿನ ಬಾಡಿಗೆ ದಿನದಿನಕ್ಕೂ ಏರುತ್ತಿತ್ತು. ಪೂರ್ತಿ ಸುಂಕ ಕಟ್ಟಿಬಿಡೋಣ ಅಂತ ನಾನೇ ಹೇಳಿದೆ. ಅದು ಸರಿಯೋ ತಪ್ಪೋ, ಇವತ್ತಿಗೂ ನನ್ನಲ್ಲೇ ಜಗಳ ಇದೆ. ಮುಂಗಡ ಕೊಡುವ ಮೊದಲು ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಮುಗಿಯುತ್ತಿದ್ದ ಕೆಲಸ.

ನಡುವೆ ಇನ್ನೊಂದು ಕಿರಿಕಿರಿ. ಕಟ್ಟೆಮೇಜಿನ ಎರಡು ಮರದ ಪೆಟ್ಟಿಗೆಯಲ್ಲಿ ಒಂದಕ್ಕೆ ಮಾತ್ರ ಮುದ್ರೆ ಇತ್ತು. ಗೋಧಿ ತೆನೆಯಂಥ ಚಿತ್ರ, ಪಕ್ಕದಲ್ಲಿ ಐಡಿ ಅಂತ ದೇಶದ ಗುರುತು, ಎಚ್‌ಟಿ ಅಂತ ಎರಡಕ್ಷರ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದೆ, ಹುಳ ಇಲ್ಲ ಅಂತ ಅದರ ಅರ್ಥ. ಮುದ್ರೆ ಇಲ್ಲದ ಪೆಟ್ಟಿಗೆಗೆ ಹೊಗೆ ಹಾಕಿಸಲು ಆರು ದಿನ ಹೋಯಿತು. ಒಳಗಿನ ತೇಗಕ್ಕೆ ಸಾವಿರಾರು ರೂಪಾಯಿ ಬೆಲೆ, ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಪುಕಸಟ್ಟೆ ಹಲಗೆ. ಪ್ಲೈವುಡ್ ಪೆಟ್ಟಿಗೆ ಮಾಡಿಸಿದ್ದರೆ ಈ ನಿಯಮವೇ ಬರುತ್ತಿರಲಿಲ್ಲ.

ಗೋದಾಮು 15,500, ಕ್ಲಿಯರಿಂಗ್ ಏಜೆಂಟ್ 12,000, ಲಾರಿ 36,000. ಎಲ್ಲ ಸೇರಿ 6,96,318 ರೂಪಾಯಿ.

ಅಲ್ಲಿ 8,300 ರೂಪಾಯಿಗೆ ಕೊಂಡ ಕುರ್ಚಿ, ಐಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿದರೂ, ಶಿರಸಿಯಲ್ಲಿ 14,500 ದಾಟಿತು. ಅದರಲ್ಲಿ ಸುಮಾರು 3,400 ಬರೀ ಗಾತ್ರದ ಖರ್ಚು. ಗೋಕರ್ಣದವರಿಗೆ ಭಾವ ಮೊದಲೇ ಒಂದಕ್ಕೆ 12,000 ಅಂತ ಒಪ್ಪಿ ಆಗಿತ್ತು, 12 ಕುರ್ಚಿಗೆ. "ಖರ್ಚು ಹೀಗಾಯ್ತು ಅಂತ ಹೇಳಿ ನೋಡಿ" ಅಂದೆ.

"ಹೇಳಿದ ರೇಟು ಹೇಳಿದ್ದೇ. ಅವರು ಕೇಳಿದ್ದು ಕುರ್ಚಿ, ನನ್ನ ಲೆಕ್ಕ ಅಲ್ಲ" ಅಂದರು ಭಾವ. ಹನ್ನೆರಡು ಕುರ್ಚಿ 12,000ಕ್ಕೇ ಹೋದವು.

ಉಳಿದ ಹನ್ನೆರಡರಲ್ಲಿ ಆರಕ್ಕೆ ಬೂಸ್ಟು ಹಿಡಿದಿತ್ತು. ಬೆತ್ತದ ಹೆಣಿಗೆಯ ಸಂದಿಯಲ್ಲಿ ಕಪ್ಪು ಚುಕ್ಕೆ. ಮುಚ್ಚಿದ ಕಂಟೇನರ್ ಹಗಲು ಕಾದು ರಾತ್ರಿ ತಣ್ಣಗಾದಾಗ ಒಳಗಿನ ಚಾವಣಿಯಲ್ಲಿ ನೀರು ಕಟ್ಟಿ ಹನಿಯುತ್ತದೆ. ವಿಮೆ ಇದೆಯಲ್ಲ ಅಂತ ಕಾಗದ ತೆಗೆದೆ. ಸಿಐಎಫ್‌ನಲ್ಲಿ ಮಾರುವವನು ಕೊಡಬೇಕಾದದ್ದು ತೀರಾ ಕನಿಷ್ಠ ವಿಮೆ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಹಣ ಬರುತ್ತದೆ. ಬೂಸ್ಟಿಗೆ ಬರುವುದಿಲ್ಲ. ಬೇಡಿಕೆ ತಳ್ಳಿಹಾಕಿದರು. ಅದನ್ನು ಸರಿಮಾಡಿದ್ದು ಅಕ್ಕ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಟೆಂಟ್ ಮಳೆಗಾಲದಲ್ಲಿ ಖಾಲಿ ಇತ್ತು. ಕುರ್ಚಿಗಳನ್ನು ವಿನೆಗರ್ ನೀರಿನಲ್ಲಿ ಒರೆಸಿ ಅಲ್ಲಿಟ್ಟರು. ಬಿಸಿಲು ಕಂಡ ದಿನ ಬಾಗಿಲು ತೆರೆದು, ಮೋಡ ಬಂದರೆ ಮುಚ್ಚಿ, ಹದಿನೈದು ದಿನ ನೋಡಿಕೊಂಡರು. ಐದು ಚೊಕ್ಕವಾದವು. ಆರನೆಯದು ಈಗಲೂ ಅವರ ಜಗಲಿಯಲ್ಲಿದೆ.

ಇನ್ನು ನನ್ನ ತಪ್ಪು. ಭಾವನ ಅಂಗಡಿ ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಪದ್ಧತಿಯಲ್ಲಿತ್ತು. ವಹಿವಾಟಿನ ಮೇಲೆ ಶೇ. 1 ಕಟ್ಟಿ ಸುಮ್ಮನಿರುವ ವ್ಯವಸ್ಥೆ. ಆದರೆ ಅದರಲ್ಲಿರುವವರಿಗೆ ಹೂಡುವಳಿ ತೆರಿಗೆ, ಅಂದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ, ವಾಪಸು ಇಲ್ಲ. ಅಂದರೆ ಕಟ್ಟಿದ 87,623 ಐಜಿಎಸ್‌ಟಿ ನೀರಿಗೆ ಹಾಕಿದ ಹಾಗೆ. ಊಟದ ಎಲೆ ಮುಂದೆ ಕೂತಾಗ ಭಾವ "ತೆರಿಗೆ ವಾಪಸ್ ಬರ್ತದಾ?" ಅಂತ ಕೇಳಿದ್ದರು. ನಾನು "ಬರ್ತದೆ" ಅಂದಿದ್ದೆ. ಯಾವ ಪದ್ಧತಿಯಲ್ಲಿದ್ದಾರೆ ಅಂತ ಯೋಚಿಸಿಯೇ ಇರಲಿಲ್ಲ. ಲೆಕ್ಕ ಬರೆಯುವವನೇ ನಾನು! ಲಾರಿ ಬಂದ ರಾತ್ರಿ ಇದು ಹೊಳೆದು ನಿದ್ದೆ ಬರಲಿಲ್ಲ. ಮರುದಿನವೇ ಕಾಂಪೊಸಿಷನ್‌ನಿಂದ ಹೊರಬರುವ ಅರ್ಜಿ ಹಾಕಿದೆ. ಹಾಗೆ ಹೊರಬಂದವರು ಆ ಹೊತ್ತಿಗೆ ಮಾರದೆ ಉಳಿದಿರುವ ದಾಸ್ತಾನಿನ ಮೇಲಿನ ತೆರಿಗೆಯನ್ನು ಕೇಳಬಹುದು, 30 ದಿನದೊಳಗೆ ಐಟಿಸಿ-01 ಅನ್ನುವ ಫಾರ್ಮ್ ಸಲ್ಲಿಸಿದರೆ. ಗೋಕರ್ಣದ ಕುರ್ಚಿಗಳು ಇನ್ನೂ ಹೊರಟಿರಲಿಲ್ಲ, ಮಳೆ ನಿಲ್ಲಲಿ ಅಂತ ಅವರೇ ತಡೆದಿದ್ದರು. ಆ ಮಳೆಗೆ ನಾನು ಋಣಿ. ತೆರಿಗೆ ಪೂರ್ತಿ ಖಾತೆಗೆ ಬಂತು. ಇನ್ನು ಮುಂದೆ ಪ್ರತಿ ಮಾರಾಟದ ಮೇಲೂ ಭಾವ ಪೂರ್ತಿ ಜಿಎಸ್‌ಟಿ ವಸೂಲಿ ಮಾಡಬೇಕು, ತಿಂಗಳ ರಿಟರ್ನ್ಸ್ ಹಾಕಬೇಕು. ಅದಕ್ಕೆ ನನಗೆ ಈಗಲೂ ಬೈಗುಳ ಇದೆ.

ಮಾರ್ಚಿನಲ್ಲಿ ಒಣ ಗಾಳಿ ಬೀಸತೊಡಗಿದಾಗ ಬೇರಿನ ಕಟ್ಟೆಮೇಜು ಒಂದು ರಾತ್ರಿ ಸದ್ದು ಮಾಡಿ ಬಿರುಕು ಬಿಟ್ಟಿತು. ಅಷ್ಟು ದಪ್ಪದ ಬುಡವನ್ನು ಯಾವ ಭಟ್ಟಿಯಲ್ಲಿಟ್ಟರೂ ಒಳಗಿನ ತನಕ ಒಣಗಿಸುವುದು ಕಷ್ಟ. ಆಚಾರಿಯವರು ಬಿರುಕಿಗೆ ಅಡ್ಡವಾಗಿ ಹಲಸಿನ ಮೂರು ತುಂಡು ಕೂರಿಸಿದರು. ಕಪ್ಪು ತೇಗದ ಮೇಲೆ ಹಳದಿ ಹಲಸು. ಅದನ್ನು ನೋಡಿಯೇ ಯಲ್ಲಾಪುರದ ಒಬ್ಬರು ಮೇಜು ಒಯ್ದರು.

ಆಮೇಲೆ ಒಂದು ದಿನ ಅಂಗಡಿಗೆ ಹೋದರೆ ಆಚಾರಿಯವರು ಒಂದು ಕುರ್ಚಿಯ ನಾಲ್ಕೂ ಕಾಲು ಕೊಯ್ದು ಹಾಕಿದ್ದರು. ನನಗೆ ಎದೆ ಧಸಕ್ಕೆಂದಿತು. "ತಡೀರಿ" ಅಂತ ಪ್ರತಿ ಕಾಲಿಗೂ ಒಂದು ಬೋಲ್ಟ್ ಹಾಕಿ ಮತ್ತೆ ಜೋಡಿಸಿದರು. ಕೂತು ನೋಡಿದೆ, ಅಲುಗಲಿಲ್ಲ. ಬಿಚ್ಚಿದರು. ಇನ್ನೊಂದು ಕುರ್ಚಿಯನ್ನೂ ಹಾಗೇ ಬಿಚ್ಚಿ, ಎರಡನ್ನೂ ಎದುರುಬದುರು ಮಲಗಿಸಿ, ಕಾಲುಗಳನ್ನು ನಡುವೆ ಸೇರಿಸಿದರು. ಟೇಪ್ ಹಿಡಿದದ್ದು ಭಾವ: 75, 70, 60. ಎರಡು ಕುರ್ಚಿಗೆ 0.315. ಇಪ್ಪತ್ನಾಲ್ಕಕ್ಕೆ 3.8 ಘನ ಮೀಟರ್, ಹಿಂದೆ 10.8 ಇದ್ದದ್ದು.

ಭಾವ ಅದರ ಫೋಟೋ ತೆಗೆದು ಜೆಪಾರಾಕ್ಕೆ ಕಳಿಸಿದರು. ಬೆಲೆ ಕೇಳಲಿಲ್ಲ. ಬಾಡಿಗೆ ನಮ್ಮ ಕಡೆಯ ಏಜೆಂಟಿನದು, ನಿಮ್ಮದು ಸೆಮರಾಂಗ್ ಹಡಗಿನವರೆಗೆ ಮಾತ್ರ ಅಂತ ಬರೆದರು. ಫಾರ್ಮ್ ಎಐ ಕೊಡುತ್ತೀರಾ ಅಂತ ಬರೆದರು. ಹೀಗೆ ಬೋಲ್ಟ್ ಹಾಕಿ ಕೊಟ್ಟರೆ ಮುಂಗಡದ ಮಾತು, ಇಲ್ಲದಿದ್ದರೆ ಇಲ್ಲ ಅಂತಲೂ. ಉತ್ತರ ಬರಲು ಎರಡು ದಿನ ಹಿಡಿಯಿತು. ಒಂದು ಹೆಬ್ಬೆರಳಿನ ಚಿತ್ರ, ಅದರ ಕೆಳಗೆ ಪೆಟ್ಟಿಗೆಯ ಮೂರು ಅಳತೆ.